ಕಬ್ಬಿಣದ ಟಾನಿಕ್‌ಗೆ ಬಗ್ಗದ ರಕ್ತಹೀನತೆ

ರಕ್ತ ಕಡಿಮೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಬೀಟ್‌ರೂಟ್, ದಾಳಿಂಬೆ, ಕಬ್ಬಿಣದ ಟಾನಿಕ್ಕು ಶುರುವಾಗುತ್ತವೆ. ಆದರೆ ರಿಪೋರ್ಟ್ ಹೀಗಿದೆ ಎನ್ನಿ: ಹಿಮೋಗ್ಲೋಬಿನ್ 5 ಗ್ರಾಂ, ಬಿಳಿ ಕಣ ಸರಿ, ಪ್ಲೇಟ್‌ಲೆಟ್ ಸರಿ, ಕೆಂಪು ಕಣಗಳ ಗಾತ್ರವೂ ಸರಿ, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆಯಾದ ಫೆರಿಟಿನ್ ಮಾತ್ರ ಏರಿದೆ. ಇಂಥವರಿಗೆ ತಿಂಗಳುಗಟ್ಟಲೆ ಟಾನಿಕ್ ಕುಡಿಸುವುದು ಅನಾಹುತ. ಕಬ್ಬಿಣ ಮೈಯಲ್ಲಿ ಧಾರಾಳವಾಗಿದೆ. ಅದನ್ನು ಬಳಸಿ ಕೆಂಪು ಕಣವಾಗಬೇಕಾದ ಎಳೆಯ ಕೋಶಗಳೇ ಮೂಳೆಮಜ್ಜೆಯಲ್ಲಿ ಇಲ್ಲ.

ಈ ಅಪರೂಪದ ಕಾಯಿಲೆ ಪ್ಯೂರ್ ರೆಡ್ ಸೆಲ್ ಅಪ್ಲೇಸಿಯಾ. 1922ರಲ್ಲಿ ಇದನ್ನು ಬೇರೆಯದೇ ರೋಗವೆಂದು ಗುರುತಿಸಿದವರು ಪಾಲ್ ಕಾಜ್ನೆಲ್ಸನ್. ಪ್ಲೇಟ್‌ಲೆಟ್ ಕುಸಿಯುವ ರೋಗಕ್ಕೆ ಗುಲ್ಮ ತೆಗೆದು ನೋಡೋಣ ಎಂದು 1916ರಲ್ಲೇ ಪ್ರಾಗ್‌ನಲ್ಲಿ, ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗ, ತನ್ನ ಪ್ರೊಫೆಸರನ್ನು ಒಪ್ಪಿಸಿದ್ದ ಧೈರ್ಯಸ್ಥ ಈತ.

ಸುಳಿವು ಕೊಡುವುದು ರೆಟಿಕ್ಯುಲೋಸೈಟ್ ಕೌಂಟ್, ಅಂದರೆ ಎಳೆಯ ಕೆಂಪು ಕಣಗಳನ್ನು ಎಣಿಸುವ ಅಗ್ಗದ ಪರೀಕ್ಷೆ. ರಕ್ತಕ್ಕೆ ಅಷ್ಟೇ ಪ್ರಮಾಣದ ನ್ಯೂ ಮೆಥಿಲೀನ್ ಬ್ಲೂ ಎಂಬ ಬಣ್ಣ ಬೆರೆಸಿ, 37 ಡಿಗ್ರಿಯಲ್ಲಿ ಸುಮಾರು 15 ನಿಮಿಷ ಇಟ್ಟು, ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮಜ್ಜೆಯಿಂದ ಆಗಷ್ಟೇ ಹೊರಬಂದ ಕಣದೊಳಗೆ ಉಳಿದ ಆರ್‌ಎನ್‌ಎ ನೀಲಿ ಬಲೆಯಂತೆ ಕಾಣುತ್ತದೆ. ಆರೋಗ್ಯವಂತರಲ್ಲಿ ಇವು ನೂರಕ್ಕೆ ಒಂದರ ಆಸುಪಾಸು. ಬರೀ ಶೇಕಡಾವಾರು ಓದಿ ಸುಮ್ಮನಾಗಬಾರದು. ಕೌಂಟ್ 0.3%, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, ಸಹಜವಾಗಿ 45ರ ಆಸುಪಾಸು) 15 ಇದ್ದರೆ, 0.3 ಅನ್ನು 15/45ರಿಂದ ಗುಣಿಸಿ: ನಿಜವಾದ ಬೆಲೆ 0.1%. ರಕ್ತ ಇಷ್ಟು ಇಳಿದಾಗ ಮಜ್ಜೆ ದುಪ್ಪಟ್ಟು ದುಡಿಯಬೇಕಿತ್ತು.

ಏಕೆ ದುಡಿಯುತ್ತಿಲ್ಲ? ಕೆಲವರಲ್ಲಿ ಉತ್ತರ ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿದೆ. ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ಕಣಗಳಾದ ಟಿ ಕೋಶಗಳಿಗೆ ಸ್ವಂತ ದೇಹದ ಗುರುತು ಕಲಿಸಿ, ಕಲಿಯದವನ್ನು ಅಲ್ಲೇ ನಾಶಮಾಡುವ ಶಾಲೆ ಅದು. ಅಲ್ಲಿ ಥೈಮೋಮಾ ಎಂಬ ಗೆಡ್ಡೆ ಬೆಳೆದರೆ ಈ ಜರಡಿ ಕೆಡುತ್ತದೆ. ತಪ್ಪಿಸಿಕೊಂಡ ಟಿ ಕೋಶಗಳು ಮಜ್ಜೆಗೆ ಹೋಗಿ ಕೆಂಪು ಕಣದ ಮೂಲಕೋಶಗಳನ್ನು ಕೊಲ್ಲುತ್ತವೆ. ಈ ಕಾಯಿಲೆ ಬಂದವರಲ್ಲಿ ಅರ್ಧದಷ್ಟು ಮಂದಿಗೆ ಥೈಮೋಮಾ ಇರುತ್ತದೆಂದು ಹಿಂದೆ ನಂಬಿದ್ದರು. ವಾಸ್ತವದಲ್ಲಿ ಬಹಳ ಕಡಿಮೆ, ಹಾಗಾಗಿ ಗಾಬರಿ ಬೇಡ. ಆದರೂ ಎದೆಯ ಸಿಟಿ ಸ್ಕ್ಯಾನ್ ಬಿಡುವಂತಿಲ್ಲ, ಸಣ್ಣ ಗೆಡ್ಡೆ ಎಕ್ಸ್‌ರೇಗೆ ಕಾಣುವುದಿಲ್ಲ.

ಇತರ ಕಾರಣಗಳನ್ನೂ ನೋಡಲೇಬೇಕು: ಫೆನಿಟಾಯಿನ್ (ಮೂರ್ಛೆರೋಗಕ್ಕೆ), ಐಸೋನಿಯಾಜಿಡ್‌ನಂಥ (ಕ್ಷಯಕ್ಕೆ) ಔಷಧಿ, ಪಾರ್ವೊವೈರಸ್ ಬಿ19 ಎಂಬ ವೈರಾಣುವಿನ ಸೋಂಕು, ನಿಧಾನಗತಿಯ ಒಂದು ಬಗೆಯ ಲಿಂಫೋಸೈಟ್ ರಕ್ತ ಕ್ಯಾನ್ಸರ್. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಪಾರ್ವೊ ಪ್ರತಿಕಾಯ ಸಿಗದೆ ಹೋಗಬಹುದು. ವೈರಸ್‌ನ ಡಿಎನ್‌ಎಯನ್ನೇ ಹುಡುಕುವ ಪಿಸಿಆರ್ ಮಾಡಿಸುವುದೇ ಸರಿ.

ಥೈಮೋಮಾ ಸಿಕ್ಕರೆ ಶಸ್ತ್ರಚಿಕಿತ್ಸೆಗೆ ಮೊದಲು ಸ್ನಾಯುಗಳನ್ನು ಬಲಹೀನಗೊಳಿಸುವ ಮಯಸ್ಥೇನಿಯಾ ಗ್ರೇವಿಸ್ ಇದೆಯೇ ಎಂದು ಅಸಿಟೈಲ್‌ಕೋಲಿನ್ ರಿಸೆಪ್ಟರ್ ಪ್ರತಿಕಾಯ ಪರೀಕ್ಷೆ ಆಗಬೇಕು. ಇಲ್ಲದಿದ್ದರೆ ಆಪರೇಷನ್ ನಂತರ ಉಸಿರಾಟದ ಸ್ನಾಯುಗಳೇ ಕೈಕೊಡಬಹುದು. ಗೆಡ್ಡೆ ತೆಗೆದ ಮಾತ್ರಕ್ಕೆ ರಕ್ತ ಏರುತ್ತದೆ ಎನ್ನುವಂತಿಲ್ಲ. ಅನೇಕರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಬೇಕಾಗುತ್ತದೆ. ಅಲ್ಲಿಯವರೆಗೆ ಹಾಕಿಸುವ ಒಂದೊಂದು ಬಾಟಲಿ ರಕ್ತದ ಜತೆ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಒಳಹೋಗುವುದರಿಂದ, ಟಾನಿಕ್ ನಿಲ್ಲಿಸಿ ಫೆರಿಟಿನ್ ಮೇಲೆ ಕಣ್ಣಿಡಬೇಕು. ಔಷಧಿ ಹಿಡಿಯಿತೆಂದು ಮೊದಲು ಹೇಳುವುದೂ ರೆಟಿಕ್ ಕೌಂಟೇ. ಹಿಮೋಗ್ಲೋಬಿನ್ ಆಮೇಲೆ ಏರುತ್ತದೆ.