ಕಮಾಂಡ್ ಪ್ರಾಂಪ್ಟ್ ನಮಗೆ ಬೇಕಾದ ಫೋಲ್ಡರಿನಲ್ಲೇ ತೆರೆಯೋದು ಹೇಗೆ?

ಪ್ರಶ್ನೆ: ಕಮಾಂಡ್ ಪ್ರಾಂಪ್ಟ್ ತೆರೆದಾಗಲೆಲ್ಲ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ ಹೋಗಿ ಕೂರುತ್ತದೆ. ನನ್ನ ಕೆಲಸವೆಲ್ಲ ಡಿ ಡ್ರೈವಿನಲ್ಲಿದೆ. ದಿನಕ್ಕೆ ಹತ್ತು ಸಲ ಫೋಲ್ಡರ್ ಬದಲಾಯಿಸುವ ‘ಸಿಡಿ’ ಕಮಾಂಡ್ ಹೊಡೆದು ಸಾಕಾಗಿದೆ. ಶುರುವಾಗುವ ಜಾಗವನ್ನೇ ಬದಲಾಯಿಸಬಹುದಾ?

ಬದಲಾಯಿಸಬಹುದು. ಆದರೆ ಇದಕ್ಕೆ ಒಂದೇ ಸ್ವಿಚ್ ಇರಬೇಕು ಅಂತ ಸೆಟ್ಟಿಂಗ್ಸ್ ಎಲ್ಲ ಜಾಲಾಡಿದರೆ ಸುಮ್ನೆ ಸುಸ್ತು. ಕಮಾಂಡ್ ಟೈಪ್ ಮಾಡುವ ಈ ಕಪ್ಪು ಕಿಟಕಿಗೆ ತನ್ನದು ಅಂತ ಒಂದು ಮನೆ ಇಲ್ಲ. ಯಾರು ಅದನ್ನು ತೆರೆದರೋ ಅವರು ಹೇಳಿದ ಜಾಗದಲ್ಲಿ ನಿಲ್ಲುತ್ತದೆ. ಏನೂ ಹೇಳದಿದ್ದರೆ, ತೆರೆದ ಪ್ರೋಗ್ರಾಂ ಆಗ ಯಾವ ಫೋಲ್ಡರಿನಲ್ಲಿತ್ತೋ ಅಲ್ಲೇ. ಸ್ಟಾರ್ಟ್ ಮೆನುವಿನಿಂದ ತೆರೆದರೆ ನಿಮ್ಮ ಯೂಸರ್ ಫೋಲ್ಡರ್ ಸಿಗುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ವಿಂಡೋಸಿನ ಸಿಸ್ಟಮ್32 ಫೋಲ್ಡರ್. ಹಾಗಾಗಿ ನೀವು ಜಾಸ್ತಿ ಯಾವ ದಾರಿಯಲ್ಲಿ ತೆರೆಯುತ್ತೀರಿ ಅಂತ ನೋಡಿ, ಅದನ್ನೇ ಸರಿಮಾಡಿ.

ಶಾರ್ಟ್‌ಕಟ್‌ನಿಂದ ತೆರೆಯುವವರಿಗೆ ಕೆಲಸ ಸುಲಭ. ಡೆಸ್ಕ್‌ಟಾಪಿನಲ್ಲಿ ಸಿಎಂಡಿಗೆ (ಕಮಾಂಡ್ ಪ್ರಾಂಪ್ಟ್ ಪ್ರೋಗ್ರಾಮಿನ ಹೆಸರೇ ಇದು) ಒಂದು ಹೊಸ ಶಾರ್ಟ್‌ಕಟ್ ಮಾಡಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ‘ಸ್ಟಾರ್ಟ್ ಇನ್’ ಅಂತ ಒಂದು ಖಾನೆ ಇರುತ್ತದೆ. ಅದರಲ್ಲಿ ನಿಮ್ಮ ಫೋಲ್ಡರಿನ ಪೂರ್ತಿ ವಿಳಾಸ ಹಾಕಿ ಓಕೆ ಒತ್ತಿ. ಅಷ್ಟೇ. ಮೂರು ಪ್ರಾಜೆಕ್ಟ್ ಇದ್ದರೆ ಮೂರು ಶಾರ್ಟ್‌ಕಟ್ ಇಟ್ಟುಕೊಳ್ಳಬಹುದು.

ಇಲ್ಲಿ ಒಂದು ಕೊಕ್ಕೆ ಇದೆ. ಅದೇ ಶಾರ್ಟ್‌ಕಟ್‌ಗೆ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಟಿಕ್ ಹಾಕಿದಿರೋ, ವಿಂಡೋಸ್ ಆ ಖಾನೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮತ್ತೆ ಸಿಸ್ಟಮ್32. ಆಗ ‘ಟಾರ್ಗೆಟ್’ ಖಾನೆಯಲ್ಲೇ ಹೀಗೆ ಬರೆಯಬೇಕು. ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ:

ಸಿಎಂಡಿ.ಇಎಕ್ಸ್‌ಇ /ಕೆ ಸಿಡಿ /ಡಿ "ಡಿ:\ವರ್ಕ್"

‘/ಕೆ’ ಅಂದರೆ ಮುಂದಿನ ಕಮಾಂಡ್ ನಡೆಸು, ಆದರೆ ಕಿಟಕಿ ಮುಚ್ಚಬೇಡ ಅಂತ. ಅದರ ಬದಲು ‘/ಸಿ’ ಹಾಕಿದರೆ ಕಿಟಕಿ ಮಿಂಚಿ ಮಾಯ. ‘/ಡಿ’ ಬಿಟ್ಟರೆ ಇನ್ನೊಂದು ತಮಾಷೆ. ಸಿ ಡ್ರೈವಿನಲ್ಲಿ ನಿಂತು ಬರೀ ‘ಸಿಡಿ ಡಿ:\ವರ್ಕ್’ ಹೊಡೆದು ನೋಡಿ. ತಪ್ಪು ಅಂತಲೂ ಹೇಳುವುದಿಲ್ಲ, ಜಾಗ ಬಿಟ್ಟು ಕದಲುವುದೂ ಇಲ್ಲ. ಆಮೇಲೆ ‘ಡಿ:’ ಅಂತಷ್ಟೇ ಹೊಡೆದು ಎಂಟರ್ ಒತ್ತಿ. ಸೀದಾ ವರ್ಕ್ ಫೋಲ್ಡರಿನಲ್ಲಿರುತ್ತೀರಿ! ಅಂದರೆ ಅದು ನಿಮ್ಮ ಮಾತು ಕೇಳಿಸಿಕೊಂಡಿತ್ತು. ಪ್ರತಿ ಡ್ರೈವಿಗೂ ಬೇರೆ ಬೇರೆ ‘ಈಗಿರುವ ಫೋಲ್ಡರ್’ ನೆನಪಿಟ್ಟುಕೊಳ್ಳುವುದು ಮೈಕ್ರೋಸಾಫ್ಟಿನ ಹಳೆಯ ಆಪರೇಟಿಂಗ್ ಸಿಸ್ಟಮ್ ಎಂಎಸ್-ಡಾಸ್ ಕಾಲದ ಅಭ್ಯಾಸ, ಅದು ಇನ್ನೂ ಹೋಗಿಲ್ಲ. ಡ್ರೈವನ್ನೂ ಸೇರಿಸಿ ಬದಲಾಯಿಸು ಅನ್ನುವುದಕ್ಕೇ ಆ ‘/ಡಿ’.

ವಿಂಡೋಸ್ 11ರಲ್ಲಿ ನಿಮಗೆ ಕಾಣುವುದು ಬಹುಶಃ ವಿಂಡೋಸ್ ಟರ್ಮಿನಲ್. ಅದನ್ನು ತೆರೆದು ಕಂಟ್ರೋಲ್ ಮತ್ತು ಕಾಮಾ ಒತ್ತಿದರೆ ಸೆಟ್ಟಿಂಗ್ಸ್ ಬರುತ್ತದೆ. ಎಡಗಡೆ ‘ಕಮಾಂಡ್ ಪ್ರಾಂಪ್ಟ್’ ಆರಿಸಿ, ‘ಸ್ಟಾರ್ಟಿಂಗ್ ಡೈರೆಕ್ಟರಿ’ ಬದಲಾಯಿಸಿ, ಸೇವ್ ಮಾಡಿ. ಈ ಸೆಟ್ಟಿಂಗ್ಸ್ ಇರುವ ಜೇಸನ್ ಫೈಲಿಗೇ ಕೈ ಹಾಕುವವರು ಬ್ಯಾಕ್‌ಸ್ಲ್ಯಾಶ್ ಎರಡೆರಡು ಹಾಕಬೇಕು ಅನ್ನೋದು ನೆನಪಿರಲಿ.

‘ಎಲ್ಲಿಂದ ತೆರೆದರೂ ಅಲ್ಲಿಗೇ ಹೋಗಬೇಕು’ ಅನ್ನುವವರಿಗೆ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ದಾರಿಯೂ ಇದೆ. ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಕಮಾಂಡ್ ಪ್ರೊಸೆಸರ್ ಹೀಗೆ ಒಳಗೆ ಹೋಗಿ ‘ಆಟೋರನ್’ ಹೆಸರಿನ ಸ್ಟ್ರಿಂಗ್ ಮಾಡಿ, ಅದರಲ್ಲಿ ಮೇಲಿನ ಸಾಲಿನ ‘ಸಿಡಿ /ಡಿ’ಯಿಂದ ಮುಂದಿನ ಭಾಗವನ್ನಷ್ಟೇ ಹಾಕಿದರೆ ಆಯಿತು. ಸಿಎಂಡಿ ಶುರುವಾದಾಗಲೆಲ್ಲ ಅದು ತಾನಾಗಿಯೇ ನಡೆಯುತ್ತದೆ. ಇದು ನನಗೆ ಇಷ್ಟವಿಲ್ಲದ ದಾರಿ. ಯಾಕೆ ಅಂತ ಹೇಳುತ್ತೇನೆ.

ನಾನೂ ಹಿಂದೆ ಇದನ್ನೇ ಮಾಡಿ ಬೀಗಿದ್ದೆ. ಇನ್ನೊಂದು ಫೋಲ್ಡರಿನಲ್ಲಿ ಹಳೆಯ ಲಾಗ್ ಫೈಲುಗಳನ್ನು (ಪ್ರೋಗ್ರಾಂಗಳು ಬರೆದಿಡುವ ದಾಖಲೆ) ಅಳಿಸುವ ಪುಟ್ಟ ಬ್ಯಾಚ್ ಫೈಲ್, ಅಂದರೆ ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್, ಇತ್ತು. ಒಂದೇ ಸಾಲು, ‘ಈ ಫೋಲ್ಡರಿನ ಲಾಗ್ ಎಲ್ಲ ಅಳಿಸು’ ಅಂತ. ಒಂದು ದಿನ ಅದರ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಬ್ಯಾಚ್ ಫೈಲ್ ನಡೆಸುವುದೂ ಸಿಎಂಡಿಯೇ ಅಲ್ವಾ? ಅದು ಮೊದಲು ನನ್ನ ಆಟೋರನ್ ಸಾಲು ಓದಿತು, ವರ್ಕ್ ಫೋಲ್ಡರಿಗೆ ಹೋಯಿತು, ಅಲ್ಲಿದ್ದ ಬೇಕಾದ ಲಾಗ್‌ಗಳನ್ನೆಲ್ಲ ಗುಡಿಸಿ ಹಾಕಿತು. ಅಳಿಸುವ ಕಮಾಂಡ್ ‘ಡೆಲ್’ ಅಳಿಸಿದ್ದು ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ. ಕಸ ತುಂಬಿದ್ದ ಫೋಲ್ಡರ್ ಮಾತ್ರ ಹಾಗೇ ಇತ್ತು.

ಬ್ಯಾಚ್ ಫೈಲ್ ಅಷ್ಟೇ ಅಲ್ಲ, ಹಿಂದೆಗಡೆ ಸಿಎಂಡಿಯನ್ನು ಕರೆಯುವ ಬೇರೆ ಪ್ರೋಗ್ರಾಂಗಳೂ ಹೀಗೇ ದಾರಿ ತಪ್ಪುತ್ತವೆ. ಕರೆಯುವಾಗ ‘ಸಿಎಂಡಿ /ಡಿ’ ಅಂತ ಕರೆದರೆ ಆಟೋರನ್ ನಡೆಯುವುದಿಲ್ಲ, ನಿಜ. (ಇದು ಬೇರೆ ‘/ಡಿ’. ಒಂದೇ ಅಕ್ಷರ, ಎರಡು ಅರ್ಥ.) ಆದರೆ ಎಲ್ಲ ಪ್ರೋಗ್ರಾಂಗಳೂ ಹಾಗೆ ಕರೆಯಬೇಕಲ್ಲ. ಆ ರಿಜಿಸ್ಟ್ರಿ ಸಾಲನ್ನು ಅವತ್ತೇ ಅಳಿಸಿದೆ.

ಈಗ ನಾನು ಏನನ್ನೂ ಬದಲಾಯಿಸುವುದೇ ಇಲ್ಲ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಬೇಕಾದ ಫೋಲ್ಡರ್ ತೆರೆದಿರುತ್ತದೆ. ಮೇಲಿನ ವಿಳಾಸದ ಪಟ್ಟಿಯ ಮೇಲೆ ಕ್ಲಿಕ್ ಮಾಡಿ, ಇರುವುದನ್ನು ಅಳಿಸಿ, ‘ಸಿಎಂಡಿ’ ಅಂತ ಮೂರಕ್ಷರ ಹೊಡೆದು ಎಂಟರ್. ಕಿಟಕಿ ಅದೇ ಫೋಲ್ಡರಿನಲ್ಲಿ ತೆರೆಯುತ್ತದೆ. ನೆಟ್‌ವರ್ಕ್ ಫೋಲ್ಡರಿನಲ್ಲಿ, ಅಂದರೆ ಎರಡು ಬ್ಯಾಕ್‌ಸ್ಲ್ಯಾಶಿನಿಂದ ಶುರುವಾಗುವ ವಿಳಾಸದಲ್ಲಿ, ಇದು ನಡೆಯುವುದಿಲ್ಲ. ಸಿಎಂಡಿ ಗೊಣಗಿಕೊಂಡು ವಿಂಡೋಸ್ ಫೋಲ್ಡರಿಗೆ ಹೋಗುತ್ತದೆ. ಅಲ್ಲಿ ‘ಪುಶ್‌ಡಿ’ ಮುಂದೆ ಆ ವಿಳಾಸ ಹೊಡೆಯಿರಿ. ಜ಼ೆಡ್‌ನಿಂದ ಹಿಂದಕ್ಕೆ ಬರುತ್ತಾ ಖಾಲಿ ಇರುವ ಒಂದು ಡ್ರೈವ್ ಅಕ್ಷರವನ್ನು ಅದಕ್ಕೆ ಕೊಟ್ಟು ಒಳಗೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ‘ಪಾಪ್‌ಡಿ’ ಹೊಡೆದರೆ ಆ ಅಕ್ಷರ ವಾಪಸ್.