ಓದುಗರ ಪ್ರಶ್ನೆ: ಥಾಯ್ ಭಾಷೆ ಸಂಸ್ಕೃತದ್ದೇ ಅಲ್ವಾ, ನಮಗೆ ಬೇಗ ಬರಲ್ವಾ?

ಪ್ರಶ್ನೆ: "ಮುಂದಿನ ತಿಂಗಳು ಬ್ಯಾಂಕಾಕಿಗೆ ವರ್ಗವಾಗಿ ಬರ್ತಿದ್ದೀನಿ. ಥಾಯ್ ಭಾಷೆ ಸಂಸ್ಕೃತದಿಂದಲೇ ಹುಟ್ಟಿದ್ದಂತೆ. ಏರ್‌ಪೋರ್ಟ್ ಹೆಸರೇ ಸುವರ್ಣಭೂಮಿ. ಕನ್ನಡದವರಿಗೆ ಎರಡು ಮೂರು ತಿಂಗಳಲ್ಲಿ ಬಂದುಬಿಡುತ್ತೆ ಅಲ್ವಾ?"

ಬರಲ್ಲ.

ಇಷ್ಟಕ್ಕೇ ನಿಲ್ಲಿಸುವ ಮನಸ್ಸಿತ್ತು. ಫೋನಿನಲ್ಲಿ, ವಾಟ್ಸಾಪಿನಲ್ಲಿ, ಗಣೇಶನ ಹಬ್ಬದ ಊಟದ ಪಂಕ್ತಿಯಲ್ಲಿ ಇದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನಾಲಿಗೆ ಸವೆದಿದೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಓದಿ ಅಂತ ಕಳಿಸಬಹುದು, ಆ ಸ್ವಾರ್ಥಕ್ಕಾಗಿ ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ. ವೀಸಾ, ಬಾಡಿಗೆ ಮನೆ, 90 ದಿನಕ್ಕೊಮ್ಮೆ ಇಮಿಗ್ರೇಷನ್ನಿಗೆ ವಿಳಾಸ ಒಪ್ಪಿಸುವುದು ಇವೆಲ್ಲ ಬಂದ ವಾರದಲ್ಲೇ ತಾನಾಗಿ ಗೊತ್ತಾಗುತ್ತವೆ. ಭಾಷೆಯ ವಿಷಯದ ಭ್ರಮೆ ಮಾತ್ರ ವರ್ಷಗಟ್ಟಲೆ ಬಿಡುವುದಿಲ್ಲ.

ಸುವರ್ಣಭೂಮಿಯಿಂದಲೇ ಶುರು ಮಾಡೋಣ, ಎಲ್ಲರ ತಲೆ ಕೆಡುವುದು ಅಲ್ಲೇ. ಇಮಿಗ್ರೇಷನ್ ದಾಟಿದರೆ ಸಮುದ್ರಮಥನದ ಶಿಲ್ಪ, ನಕ್ಷೆ ತೆರೆದರೆ ಅಯುತ್ಥಯಾ, ರಾಚ್‌ಬುರಿ, ಕಾಂಚನಬುರಿ. ಅಯೋಧ್ಯೆ, ರಾಜಪುರಿ, ಕಾಂಚನಪುರಿ! ದಕ್ಷಿಣಕ್ಕೆ ಇಳಿದರೆ ನಖೋನ್ ಸೀ ಥಮ್ಮರಾಟ್, ಅಂದರೆ ನಗರ ಶ್ರೀ ಧರ್ಮರಾಜ. ಇಷ್ಟು ನೋಡಿದ ಕನ್ನಡಿಗನಿಗೆ ಅಜ್ಜನ ಮನೆಗೆ ಬಂದಷ್ಟು ಹಿಗ್ಗು. ಆದರೆ ಆ ವಿಮಾನ ನಿಲ್ದಾಣ 2006ರಲ್ಲಿ ಶುರುವಾಗುವ ಮೊದಲು ಆ ಜಾಗವನ್ನು ಊರವರು ಏನಂತ ಕರೆಯುತ್ತಿದ್ದರು ಗೊತ್ತೇ? ನೋಂಗ್ ಙೂ ಹಾವ್. ನೋಂಗ್ ಅಂದರೆ ಜೌಗು, ಙೂ ಹಾವ್ ಅಂದರೆ ನಾಗರಹಾವು. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಙ ಇಲ್ಲಿ ಹಾವಿನ ತಲೆಯ ಮೇಲೇ ಕೂತಿದೆ. ಸಂಸ್ಕೃತ ಅಲ್ಲಿ ಒಂದಕ್ಷರವೂ ಇಲ್ಲ. ಫಲಕದ ಮೇಲಿನ ಹೆಸರು ಸಂಸ್ಕೃತ, ಕೆಳಗಿನ ಜೌಗು ಥಾಯ್. ಇಡೀ ಭಾಷೆಯ ಕಥೆ ಹೀಗೇ.

ಮನೆಯೊಳಗಿನ ಮಾತು ಕೇಳಿ. ನೀರಿಗೆ ನಾಮ್, ಬೆಂಕಿಗೆ ಫಾಯ್, ಕಣ್ಣಿಗೆ ತಾ, ಮನೆಗೆ ಬಾನ್, ಅನ್ನಕ್ಕೆ ಖಾವ್, ನಾಯಿಗೆ ಮಾ. 'ಬಾ' ಅನ್ನುವುದಕ್ಕೂ ಮಾ, ಸ್ವರದ ಏರಿಳಿತ ಮಾತ್ರ ಬೇರೆ. ಎಣಿಸಿ ನೋಡಿ: ನುಂಗ್, ಸೋಂಗ್, ಸಾಮ್, ಸೀ, ಹಾ, ಹೋಕ್, ಚೆಟ್, ಪೇಟ್, ಕಾವ್, ಸಿಪ್. ಏಕ, ದ್ವಿ, ತ್ರಿ ಎಲ್ಲಿ? ಹಾಂಗ್‌ಕಾಂಗಿನ ಕ್ಯಾಂಟನೀಸ್ ಮಾತಿನಲ್ಲಿ ಮೂರಕ್ಕೆ ಸಾಮ್, ಒಂಬತ್ತಕ್ಕೆ ಗಾವ್, ಹತ್ತಕ್ಕೆ ಸಪ್. ಎಣಿಕೆಯ ಪದಗಳು ಯಾವ ದಿಕ್ಕಿನಿಂದ ಬಂದವು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಥಾಯ್ ಭಾಷೆಯ ಒಡಹುಟ್ಟಿದವರು ಲಾವೋಸಿನ ಲಾವೊ, ಬರ್ಮಾದ ಶಾನ್, ದಕ್ಷಿಣ ಚೀನಾದ ಜುವಾಂಗ್. ಭಾರತದಲ್ಲೇ ನೆಂಟರು ಬೇಕೆಂದರೆ ಅಸ್ಸಾಮಿಗೆ ಹೋಗಬೇಕು: 1228ರಲ್ಲಿ ಸುಕಾಫಾ ಎಂಬ ರಾಜಕುಮಾರನ ಜೊತೆ ಬೆಟ್ಟ ದಾಟಿ ಬಂದ ಅಹೋಮರು ಆಡುತ್ತಿದ್ದದ್ದು ಇದೇ ಕುಟುಂಬದ ಭಾಷೆ, ಅವರಿಗೂ ನೀರು ಅಂದರೆ ನಾಮ್.

ಸಂಸ್ಕೃತ, ಪಾಳಿ ಪದಗಳು ಬಂದದ್ದು ಪಕ್ಕದ ಕಾಂಬೋಡಿಯಾದ ಖ್ಮೇರ್ ಅರಮನೆಯ ಮೂಲಕ, ಬೌದ್ಧ ಭಿಕ್ಷುಗಳ ಮೂಲಕ. ಬಂದವು, ಬೇಕಾದಷ್ಟು ಬಂದವು. ಆದರೆ ಬಂದ ನೆಂಟರನ್ನು ಮನೆ ಯಜಮಾನ ಅನ್ನಲಾಗದು. ನನಗೆ ಆಶ್ಚರ್ಯವಾಗುವುದು ಕನ್ನಡಿಗರೇ ಇದರಲ್ಲಿ ಎಡವುವುದು. 'ಕನ್ನಡ ಸಂಸ್ಕೃತದ ಮಗಳು' ಅಂತ ಯಾರಾದರೂ ಅಂದರೆ ತೋಳೇರಿಸಿ ನಿಲ್ಲುತ್ತೀರಿ. ನೀರು, ಬೆಂಕಿ, ಕಣ್ಣು, ಕೈ, ಒಂದು, ಎರಡು ಅಂತ ಪಟ್ಟಿ ಒಪ್ಪಿಸುತ್ತೀರಿ. ಅದೇ ಪಟ್ಟಿಯನ್ನು ಥಾಯ್‌ನವರು ಒಪ್ಪಿಸಿದರೆ ಯಾಕೆ ಕಿವಿಗೆ ಹೋಗುವುದಿಲ್ಲ? ಅಂದಹಾಗೆ ಹಣ್ಣಿಗೆ ಅವರು ಹೇಳುವುದು ಫೊನ್‌ಲಮಾಯ್. ಸಂಸ್ಕೃತದ ಫಲ, ಅದಕ್ಕೆ ಥಾಯ್‌ನ ಮಾಯ್, ಅಂದರೆ ಮರ. ನಮ್ಮ ಶಾಲೆಯಲ್ಲಿ ಮೇಷ್ಟರು ಅರಿಸಮಾಸ ಅಂತ ಕೆಂಪು ಗೆರೆ ಎಳೆಯುತ್ತಿದ್ದರಲ್ಲ, ಅದೇ. ಇದು ನಿಯಮದ ಸಮಾಸವಲ್ಲ ಅಂತ ಅಲ್ಲಿನ ಮೇಷ್ಟರೂ ಹೇಳಿಕೊಡುತ್ತಾರೆ.

ಇಲ್ಲಿಗೆ ಬರುವಾಗ ಎದುರು ಕೂತವರು ತಪ್ಪದೆ ಹೇಳುವ ಮಾತು: "ಹುಟ್ಟು ಬೇರೆ ಇರಬಹುದು ಸಾರ್, ಆದರೂ ಪದ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗಲ್ಲವೇ?" ಆಗುತ್ತಿತ್ತು, ಆ ಪದ ನಿಮ್ಮ ಕಿವಿಗೆ ಸಿಕ್ಕಿದ್ದರೆ. ಥಾಯ್ ಬಾಯಿಯಲ್ಲಿ ಗ, ದ, ಬ ಬಂದರೆ ಖ, ಥ, ಫ ಆಗುತ್ತವೆ. (ಇಲ್ಲಿ ಫ ಅಂದರೆ ಫಲದ ಫ. ಬೆಂಕಿಯ ಫಾಯ್, ಕೊನೆಗೆ ಬರುವ ಫರಂಗ್ ಇವೆರಡರಲ್ಲಿ ಮಾತ್ರ ಫ್ಯಾನಿನ ಫ.) ಗುರು ಖ್ರೂ ಆಗುತ್ತಾನೆ, ದೇವ ಥೇಪ್ ಆಗುತ್ತಾನೆ. ತಿರುಗಿ ಪ, ತ ಇದ್ದಲ್ಲಿ ಬ, ದ: ಪುರಿ ಬುರಿಯಾದದ್ದು, ತಾರೆ ದಾರಾ ಆದದ್ದು ಹೀಗೆ. ಇನ್ನು ಪದದ ಕೊನೆಗೆ ಬಂದರೆ ಮುಗಿಯಿತು. ಲ, ರ ಎರಡೂ ನ್ ಆಗುತ್ತವೆ. ಸ, ಥ, ದ, ಜ ಎಲ್ಲ ಟ್ ಆಗುತ್ತವೆ. ರಾಷ್ಟ್ರಪಾಲ ಅನ್ನುವುದು ರಟ್ಟಬಾನ್ ಆಗಿ ಸರ್ಕಾರ ಅನ್ನುವ ಅರ್ಥ ಪಡೆದಿದೆ. ಭೂಮಿಬಲ ಅಂತ ಬರೆದ ರಾಜರ ಹೆಸರನ್ನು ಫೂಮಿಫೊನ್ ಅಂತ ಓದುತ್ತಾರೆ.

ರಥ ಅನ್ನುವ ಪದ ತಗೊಳ್ಳಿ. ಇಲ್ಲಿ ಅದಕ್ಕೆ ಕಾರು, ಬಸ್ಸು, ಯಾವುದೇ ವಾಹನ ಅಂತ ಅರ್ಥ, ಉಚ್ಚಾರ ರೊಟ್. ರಸ ಅನ್ನುವ ಪದಕ್ಕೆ ರುಚಿ ಅಂತ ಅರ್ಥ, ಉಚ್ಚಾರ ರೊಟ್. ಮೈಗೆ, ಗಿಡಕ್ಕೆ ನೀರು ಸುರಿಯುವುದಕ್ಕೆ ಅಪ್ಪಟ ಥಾಯ್ ಪದವೊಂದಿದೆ, ಉಚ್ಚಾರ ರೊಟ್. ಮೂರರ ಸ್ವರವೂ ಒಂದೇ, ಮೇಲಿನ ಸ್ವರ. ಬರೆದಾಗ ಮಾತ್ರ ಕೊನೆಯ ಅಕ್ಷರ ಬೇರೆ ಬೇರೆ. ಇದರಲ್ಲಿ ನಿಮ್ಮ ಸಂಸ್ಕೃತ ಎಲ್ಲಿ ಹಿಡಿದುಕೊಳ್ಳುತ್ತೀರಿ?

ಬರಹದಲ್ಲಿ ಸಂಸ್ಕೃತ ಅಚ್ಚುಕಟ್ಟಾಗಿ ಇದೆ, ಬಾಯಲ್ಲಿ ಇಲ್ಲ. ಸೋಮವಾರದ ಚಂದ್ರನನ್ನು ಪೂರ್ತಿ ಚ, ನ, ದ, ರ ಅಂತ ಬರೆದು, ಕೊನೆಯ ಅಕ್ಷರದ ನೆತ್ತಿಯ ಮೇಲೆ ಪುಟ್ಟ ಸುಳಿ ಇಟ್ಟು, ಬರೀ ಚನ್ ಅಂತ ಓದುತ್ತಾರೆ. ಆ ಸುಳಿಯ ಹೆಸರು ಥನ್ಥಖಾಟ್. ಬಿಡಿಸಿದರೆ ದಂಡಘಾತ! ಅಕ್ಷರದ ತಲೆಗೆ ದೊಣ್ಣೆ ಹೊಡೆದು ಬಾಯಿ ಮುಚ್ಚಿಸುವುದು. ಇಷ್ಟು ಚಂದದ ವ್ಯಾಕರಣ ಪದವನ್ನು ನಾನು ಬೇರೆಲ್ಲೂ ಕಂಡಿಲ್ಲ. 1942ರಲ್ಲಿ ಪ್ರಧಾನಿ ಫಿಬೂನ್ ಅವರ ಸರ್ಕಾರ ಇಂಥ ಹೊರೆಯೆಲ್ಲ ಬೇಡವೆಂದು ವ್ಯಂಜನಗಳನ್ನು 44ರಿಂದ 31ಕ್ಕೆ ಇಳಿಸಿತ್ತು. 1944ರಲ್ಲಿ ಆ ಸರ್ಕಾರ ಬಿದ್ದದ್ದೇ ತಡ, ಬಿಟ್ಟ ಅಕ್ಷರಗಳೆಲ್ಲ ವಾಪಸು ಬಂದವು. ಶ, ಷ, ಸ ಮೂರೂ ಇವೆ, ಮೂರರ ಉಚ್ಚಾರವೂ ಸ. ನಡುವಿನದಕ್ಕೆ 'ಋಷಿಯ ಸ' ಅಂತಲೇ ಹೆಸರು, ಮಕ್ಕಳ ಪಟದಲ್ಲಿ ಅದರ ಪಕ್ಕ ಗಡ್ಡದ ಋಷಿ ಕೂತಿರುತ್ತಾನೆ.

ಸರಿ, ಉಚ್ಚಾರವನ್ನೂ ಗೆದ್ದಿರಿ ಅಂತಿಟ್ಟುಕೊಳ್ಳಿ. ಅರ್ಥ? ಬಂದ ಹೊಸತರಲ್ಲಿ ನಾನೂ ನಿಮ್ಮಂತೆಯೇ ಜಾಣ. ಸಂಸಾರಕ್ಕೆ ಸೋಂಗ್‌ಸಾನ್ ಅನ್ನುತ್ತಾರೆ ಅಂತ ಎಲ್ಲೋ ಓದಿಕೊಂಡು, ಕಚೇರಿಯ ಹಿರಿಯ ಹೆಂಗಸೊಬ್ಬರ ಹತ್ತಿರ "ಫೊಮ್ ಮೀ ಸೋಂಗ್‌ಸಾನ್" ಅಂದೆ. ನನಗೆ ಸಂಸಾರ ಇದೆ ಅನ್ನುವುದು ನನ್ನ ಲೆಕ್ಕ. ಆಕೆ ಟೈಪು ಮಾಡುವುದು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು, ಆಮೇಲೆ ಡ್ರಾಯರಿನಿಂದ ಒಂದು ಬಿಸ್ಕತ್ತಿನ ಪೊಟ್ಟಣ ತೆಗೆದು ಕೊಟ್ಟರು. ಸೋಂಗ್‌ಸಾನ್ ಅಂದರೆ ಇಲ್ಲಿ ಮರುಕ, ಅಯ್ಯೋ ಪಾಪ. ಸಂಸಾರದಿಂದ ಅಯ್ಯೋ ಪಾಪಕ್ಕೆ ಆ ಪದ ಹೇಗೆ ಹೋಯಿತು ಅಂತ ನನ್ನ ಹೆಂಡತಿಯ ಮುಂದೆ ಮಾತ್ರ ವಿವರಿಸಿಲ್ಲ. ಮೋಹ ಇಲ್ಲಿ ಮೋಹೋ ಆಗಿದೆ, ಅರ್ಥ ಸಿಟ್ಟು. ವಿಸ್ತಾರ ಫಿಟ್ಸದಾನ್ ಆಗಿದೆ, ಅರ್ಥ ವಿಚಿತ್ರ. ಸ್ನೇಹ ಸನೇ ಆಗಿದೆ, ಅರ್ಥ ಮೋಡಿ, ಆಕರ್ಷಣೆ. ಸಹೋದ್ಯೋಗಿಯ ಹತ್ತಿರ ಸ್ನೇಹ ಬೆಳೆಸುವ ಮೊದಲು ನಿಘಂಟು ನೋಡಿಕೊಳ್ಳಿ. ಇದ್ದುದರಲ್ಲಿ ಮಾನ ಉಳಿಸಿಕೊಂಡದ್ದು ಸೆಟ್ಟಿ. ಸೇಟ್ಠೀ ಅಂದರೆ ಇವತ್ತಿಗೂ ಬ್ಯಾಂಕಾಕಿನಲ್ಲಿ ಕೋಟ್ಯಧಿಪತಿ. ಮಂಗಳೂರಿನ ಗೆಳೆಯರೊಬ್ಬರು ತಮ್ಮ ಅಡ್ಡಹೆಸರು ಹೇಳಿದಾಗಲೆಲ್ಲ ಟ್ಯಾಕ್ಸಿಯವರು ಕನ್ನಡಿಯಲ್ಲಿ ತಿರುಗಿ ನೋಡುತ್ತಾರೆ.

ಟ್ಯಾಕ್ಸಿ ಅಂದಾಗ ನೆನಪಾಯಿತು. ಕ್ಲಾಯ್ ಅಂದರೆ ದೂರ. ಕ್ಲಾಯ್ ಅಂದರೆ ಹತ್ತಿರ. ತಮಾಷೆ ಅಲ್ಲ. ಸಮಸ್ವರದಲ್ಲಿ ಎಳೆದರೆ ದೂರ, ಮೇಲಿಂದ ಬೀಳಿಸಿದರೆ ಹತ್ತಿರ. ಐದು ಸ್ವರಗಳ ಈ ಲೆಕ್ಕ ಕೂಡಿಬರದೆ ಇಲ್ಲಿ ವಿಳಾಸ ಹೇಳಲೂ ಆಗದು. ನಮ್ಮ ಮಾತಿನಲ್ಲಿ ರಾಗ ಎಳೆದರೆ ಸಿಟ್ಟೋ ಸಂಶಯವೋ ಕಾಣುತ್ತದೆ. ಇಲ್ಲಿ ಪದವೇ ಬದಲಾಗುತ್ತದೆ. ಸಮಯ ಹಾಕಬೇಕಾದ್ದು ಇಲ್ಲಿ, ಸಂಸ್ಕೃತದ ಪಟ್ಟಿ ಬಾಯಿಪಾಠ ಮಾಡುವುದರಲ್ಲಲ್ಲ.

ಸಂಸ್ಕೃತ ಪೂರ್ತಿ ದಂಡ ಅಂತ ನಾನು ಅಂದಿಲ್ಲ. ಆರು ತಿಂಗಳ ನಂತರ, ಓದಲು ಕಲಿತ ಮೇಲೆ, ಪತ್ರಿಕೆಯ ತಲೆಬರಹದಲ್ಲಿ, ಬ್ಯಾಂಕಿನ ಅರ್ಜಿಯಲ್ಲಿ ಅದು ಕೈ ಹಿಡಿಯುತ್ತದೆ. ವರ್ಣಮಾಲೆ ಕ ವರ್ಗ, ಚ ವರ್ಗ ಅಂತ ನಮ್ಮ ಸಾಲಿನಲ್ಲೇ ಇರುವುದರಿಂದ ನಿಘಂಟಿನಲ್ಲಿ ಪದ ಹುಡುಕುವುದರಲ್ಲಿ ನಾವು ಬಿಳಿಯರಿಗಿಂತ ಚುರುಕು. ತಿಂಗಳುಗಳಂತೂ ನಮಗೇ ಮಾಡಿಸಿದಂತಿವೆ. 1889ರಲ್ಲಿ ರಾಜಕುಮಾರ ದೇವವೋಂಗ್ಸೆ ರಾಶಿಗಳ ಮೇಲೆ ಹೆಸರಿಟ್ಟದ್ದು: ಮಕರಾಖೊಮ್ ಜನವರಿ, ಮೇಸಾಯೊನ್ ಏಪ್ರಿಲ್, ಸಿಂಗ್‌ಹಾಖೊಮ್ ಆಗಸ್ಟ್. ಕೊನೆಗೆ ಖೊಮ್ ಇದ್ದರೆ 31 ದಿನ, ಯೊನ್ ಇದ್ದರೆ 30, ಕುಂಭದ ಫೆಬ್ರವರಿಗೆ ಮಾತ್ರ ಫನ್. ಮುಷ್ಟಿ ಕಟ್ಟಿ ಗೆಣ್ಣು ಎಣಿಸುವುದು ತಪ್ಪಿತು. ಏಪ್ರಿಲ್ 13ರಿಂದ 15ರವರೆಗೆ ನೀರೆರಚುವ ಸೋಂಗ್‌ಕ್ರಾನ್ ಅಂದರೆ ಸಂಕ್ರಾಂತಿಯೇ. ಆದರೆ ಎಳ್ಳುಬೆಲ್ಲದ ಮಕರ ಸಂಕ್ರಾಂತಿಯಲ್ಲ, ತುಳುನಾಡಿನವರು ಬಿಸು ಆಚರಿಸುವ ಮೇಷ ಸಂಕ್ರಮಣ. ಡಿಗ್ರಿಗಳಿಗೆ ತ್ರೀ, ಥೋ, ಏಕ್ ಅಂತ ಹೆಸರು. ಬಿಎ ಮಾಡಿದವರದು ತ್ರೀ, ಎಂಎ ಥೋ, ಪಿಎಚ್‌ಡಿ ಏಕ್. ನನ್ನದು ತ್ರೀ ಅಂದಾಗ ಮೂರು ಡಿಗ್ರಿ ಇವೆ ಅಂತ ಊರಿನಲ್ಲಿ ಅಮ್ಮ ಹೇಳಿಕೊಂಡು ತಿರುಗಿದ್ದುಂಟು.

"ಸವಾತ್‌ದೀ ಅನ್ನುವುದು ವೇದದ ಸ್ವಸ್ತಿ ಅಲ್ವಾ" ಅಂತ ಇನ್ನು ಕೇಳಬೇಡಿ. ಪದ ಸ್ವಸ್ತಿಯದ್ದೇ. ಆದರೆ ನಮಸ್ಕಾರಕ್ಕೆ ಹಾಗನ್ನಬೇಕೆಂದು ರೂಪಿಸಿದವರು ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ಭಾಷಾ ಅಧ್ಯಾಪಕ ಫ್ರಯಾ ಉಪಕಿಟ್ ಸಿಲ್ಪಸಾನ್, 1930ರ ದಶಕದಲ್ಲಿ. ಸರ್ಕಾರ ಅದನ್ನು ಎಲ್ಲರ ಬಾಯಿಗೆ ಹಾಕಿದ್ದು 1943ರಲ್ಲಿ. ಇವತ್ತಿಗೂ ನಮ್ಮ ಕಟ್ಟಡದ ಕಾವಲುಗಾರ ನನ್ನನ್ನು ಕಂಡರೆ ಕೇಳುವುದು "ಕಿನ್ ಖಾವ್ ರೂ ಯಂಗ್", ಊಟ ಆಯ್ತಾ ಇಲ್ವಾ. ಕನ್ನಡಿಗನಿಗೆ ನೆಂಟಸ್ತನ ಬೇಕಿದ್ದರೆ ಇಲ್ಲಿ ಹುಡುಕಬಹುದು, ಸಂಸ್ಕೃತದ ದಾರಿ ಸುತ್ತಬೇಕಾಗಿಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನ ತಲೆಯಲ್ಲಿದೆ: ನಾವು ಇಲ್ಲಿ ಫರಂಗ್ ಹೌದೋ ಅಲ್ಲವೋ? ಅಲ್ಲ. ಫರಂಗ್ ಅಂದರೆ ಬಿಳಿಯರು ಮಾತ್ರ. ನಾವು ಖ್ಯಾಕ್, ಅಂದರೆ ಅತಿಥಿ. ಸೀಲೋಮ್ ರಸ್ತೆಯ ಮಾರಿಯಮ್ಮನ ಗುಡಿಗೆ ವಾಟ್ ಖ್ಯಾಕ್ ಅನ್ನುತ್ತಾರೆ. ಅದನ್ನು ಕಟ್ಟಿಸಿದ್ದು ತಮಿಳರು, 19ನೇ ಶತಮಾನದಲ್ಲಿ. ನೂರು ವರ್ಷಕ್ಕೂ ಮೀರಿ ಇಲ್ಲೇ ಇದ್ದರೂ ಅತಿಥಿಗಳೇ. ಪದವನ್ನು ಆಡುವ ಧಾಟಿಯ ಮೇಲೆ ಅದು ಆದರವೋ ತಾತ್ಸಾರವೋ ಅಂತ ತಿಳಿಯುತ್ತದೆ. ಫರಂಗ್ ಬಂದದ್ದು ಫ್ರೆಂಚರಿಗೆ ಹೇಳುವ ಫರಂಗ್‌ಸೆಟ್‌ನಿಂದ ಅಂತ ಇಲ್ಲಿನ ಬಿಳಿಯರು ಆಣೆ ಮಾಡಿ ಹೇಳುತ್ತಾರೆ, ಅದೂ ಸುಳ್ಳು. ಪರ್ಷಿಯನ್ ವ್ಯಾಪಾರಿಗಳ ಬಾಯಿಂದ ಕಡಲ ದಂಡೆಯುದ್ದಕ್ಕೂ ಹರಡಿದ ಪದ ಅದು, ಕನ್ನಡಕ್ಕೆ ಪರಂಗಿಯಾಗಿ ಬಂದದ್ದೂ ಅದೇ. ಹಡಗಿನಲ್ಲಿ ಬಂದ ಅಮೆರಿಕದ ಹಣ್ಣಿಗೆ ನಾವು ಪರಂಗಿಯವರ ಹೆಸರಿಟ್ಟೆವು, ಇವರೂ ಇಟ್ಟರು. ಆದರೆ ಹಣ್ಣು ಬೇರೆ. ಬಸ್‌ಸ್ಟಾಪಿನ ತಳ್ಳುಗಾಡಿಯವಳ ಹತ್ತಿರ ಫರಂಗ್ ಕೊಡಮ್ಮ ಅಂದು ಪಪ್ಪಾಯಿಗೆ ಕಾದು ನಿಂತರೆ ಕೈಗೆ ಬರುವುದು ಸೀಬೆಕಾಯಿ. ಹೋಳು ಮಾಡಿ, ಕಡ್ಡಿ ಚುಚ್ಚಿ, ಉಪ್ಪು ಖಾರದ ಪುಟ್ಟ ಪೊಟ್ಟಣವನ್ನೂ ಜೊತೆಗಿಡುತ್ತಾಳೆ. ಅದರಲ್ಲಿ ಸಕ್ಕರೆ ಬೆರೆಸಿರುತ್ತಾರೆ, ನೋಡಿಕೊಂಡು ಅದ್ದಿ.