ವಿಮಾನ ಗಾಳಿಯಲ್ಲಿ ನಿಲ್ಲುವುದು ಹೇಗೆ? ಆ ‘ಉದ್ದ ದಾರಿ’ಯ ಕತೆ ಇನ್ನು ಸಾಕು

ಪ್ರಶ್ನೆ: ಅಷ್ಟು ಭಾರದ ವಿಮಾನ ಗಾಳಿಯಲ್ಲಿ ಹೇಗೆ ನಿಲ್ಲುತ್ತೆ ಸಾರ್? ರೆಕ್ಕೆಯ ಮೇಲ್ಭಾಗ ಉಬ್ಬಿರುತ್ತೆ, ಮೇಲಿನ ಗಾಳಿಗೆ ದಾರಿ ಉದ್ದ, ಕೆಳಗಿನ ಗಾಳಿಯ ಜೊತೆ ಒಟ್ಟಿಗೆ ಸೇರಬೇಕಲ್ಲ, ಅದಕ್ಕೆ ಮೇಲಿನದು ಜೋರಾಗಿ ಓಡುತ್ತೆ ಅಂತ ಶಾಲೆಯಲ್ಲಿ ಹೇಳಿದ್ದರು. ಇದು ಸರಿನಾ?

ಉತ್ತರ: ಸರಿಯಲ್ಲ. ಈ ಪ್ರಶ್ನೆ ತಿಂಗಳು ತಿಂಗಳೂ ಬರುತ್ತದೆ, ಬರುವಾಗಲೆಲ್ಲ ಇದೇ ‘ಉದ್ದ ದಾರಿ’ಯ ಕತೆಯನ್ನೂ ಹೊತ್ತು ತರುತ್ತದೆ. ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಮೊದಲು ನಿಜವಾದ ಉತ್ತರ. ವಿಮಾನದ ರೆಕ್ಕೆ ಗಾಳಿಗೆ ಎದುರಾಗುವಾಗ ಅದರ ಮುಂದಿನ ಅಂಚು ತುಸು ಮೇಲಕ್ಕೆ ಎತ್ತಿರುತ್ತದೆ. ರೆಕ್ಕೆಯ ಅಡಿಯ ಗಾಳಿ ಕೆಳಕ್ಕೆ ತಿರುಗುತ್ತದೆ. ಮೇಲಿನ ಗಾಳಿಯೂ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಬಾಗಿ ಕೆಳಕ್ಕೇ ಇಳಿಯುತ್ತದೆ. ಹೀಗೆ ರೆಕ್ಕೆ ಪ್ರತಿ ಸೆಕೆಂಡಿಗೂ ಟನ್‌ಗಟ್ಟಲೆ ಗಾಳಿಯನ್ನು ಕೆಳಕ್ಕೆ ದಬ್ಬುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ದಬ್ಬುತ್ತದೆ. ನ್ಯೂಟನ್ನನ ಮೂರನೇ ನಿಯಮ. ಗಾಳಿ ಹೀಗೆ ಬಾಗುವಾಗ ರೆಕ್ಕೆಯ ಮೇಲೆ ಒತ್ತಡ ಕಡಿಮೆಯಾಗುತ್ತದೆ, ಕೆಳಗೆ ಜಾಸ್ತಿಯಾಗುತ್ತದೆ. ಇವು ಬೇರೆ ಬೇರೆ ಕಾರಣಗಳಲ್ಲ, ಒಂದೇ ಸಂಗತಿಯನ್ನು ಎರಡು ಕಡೆಯಿಂದ ನೋಡಿದ್ದು, ಅಷ್ಟೇ.

ಇನ್ನು ಆ ಕತೆಗೆ ಬರೋಣ. ರೆಕ್ಕೆಯ ಮುಂದೆ ಬೇರೆಯಾದ ಎರಡು ಗಾಳಿಯ ಕಣಗಳು ಹಿಂದೆ ಒಂದೇ ಹೊತ್ತಿಗೆ ಸೇರಲೇಬೇಕು ಅಂತ ಯಾವ ನಿಯಮ ಇದೆ? ಯಾವುದೂ ಇಲ್ಲ. ಅವುಗಳ ನಡುವೆ ಹಾಗೊಂದು ಒಪ್ಪಂದ ಆಗಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಹೋಲ್ಗರ್ ಬಾಬಿನ್ಸ್ಕಿ ಇದನ್ನು ಕಣ್ಣಿಗೇ ತೋರಿಸಿದ್ದಾರೆ. ಗಾಳಿಸುರಂಗದಲ್ಲಿ, ಅಂದರೆ ಮಾದರಿಯನ್ನು ನಿಲ್ಲಿಸಿ ಅದರ ಮೇಲೆ ಗಾಳಿ ಹಾಯಿಸಿ ನೋಡುವ ಕೊಳವೆಯಲ್ಲಿ, ರೆಕ್ಕೆಯ ಮುಂದೆ ಹೊಗೆಯನ್ನು ಬಿಟ್ಟು ಬಿಟ್ಟು ಹಾಯಿಸಿದರು. ಮೇಲೆ ಹೋದ ಹೊಗೆ ಕೆಳಗಿನದಕ್ಕಿಂತ ಎಷ್ಟೋ ಮೊದಲೇ ಹಿಂದಿನ ಅಂಚು ದಾಟಿಬಿಟ್ಟಿತು. ಕೆಳಗಿನದು ಹಿಂದೆಯೇ ಉಳಿಯಿತು. ಎರಡೂ ಮತ್ತೆ ಸೇರಲೇ ಇಲ್ಲ.

ಲೆಕ್ಕ ಬೇಕಾ? ಮಾಡೋಣ. ಏರ್‌ಬಸ್ ಎ320 ತುಂಬಿ ಹೊರಟಾಗ ಸುಮಾರು 78 ಟನ್. ರೆಕ್ಕೆಯ ವಿಸ್ತಾರ ಸುಮಾರು 122 ಚದರ ಮೀಟರ್. ಅಂದರೆ ಒಂದೊಂದು ಚದರ ಮೀಟರ್ ರೆಕ್ಕೆಯೂ ಸುಮಾರು 640 ಕಿಲೋ ಎತ್ತಬೇಕು. ಮೇಲಿನ ದಾರಿ ಕೆಳಗಿನದಕ್ಕಿಂತ ಶೇ 3ರಷ್ಟು ಉದ್ದ ಅಂತ ಇಟ್ಟುಕೊಳ್ಳಿ. ಹಾಗಾದರೆ ಮೇಲಿನ ಗಾಳಿಯ ವೇಗವೂ ಶೇ 3ರಷ್ಟೇ ಜಾಸ್ತಿ. ವಿಮಾನ ಗಂಟೆಗೆ 270 ಕಿ.ಮೀ. ವೇಗದಲ್ಲಿ ಓಡುವಾಗ ಬರ್ನೌಲಿ ಸೂತ್ರಕ್ಕೆ (ಗಾಳಿಯ ವೇಗ ಏರಿದರೆ ಒತ್ತಡ ಎಷ್ಟು ಇಳಿಯುತ್ತದೆ ಅಂತ ಹೇಳುವ ಸೂತ್ರ) ಇದನ್ನು ಹಾಕಿದರೆ ಚದರ ಮೀಟರಿಗೆ ಬರುವುದು ಸುಮಾರು 21 ಕಿಲೋ. ಇಡೀ ರೆಕ್ಕೆಗೆ ಎರಡೂವರೆ ಟನ್! ವಿಮಾನ ರನ್‌ವೇಯ ಕೊನೆ ಮುಟ್ಟಿದರೂ ಮೇಲೇಳುವುದಿಲ್ಲ. ಬರ್ನೌಲಿ ತಪ್ಪು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಗಮನಿಸಿ. ಸೂತ್ರ ಸರಿಯಾಗಿಯೇ ಇದೆ. ಅದಕ್ಕೆ ಹಾಕಿದ ವೇಗ ಸುಳ್ಳು. ಮೇಲಿನ ಗಾಳಿಯ ನಿಜವಾದ ವೇಗ ಆ ಕತೆ ಹೇಳುವುದಕ್ಕಿಂತ ತುಂಬಾ ಜಾಸ್ತಿ.

ಇನ್ನೂ ನಂಬಿಕೆ ಬರದಿದ್ದರೆ ಒಂದು ರಟ್ಟು ತಗೊಳ್ಳಿ. ಹಳೇ ನೋಟ್‌ಬುಕ್ಕಿನದೇ ಆಗಲಿ. ಅದರ ಮುಂದಿನ ಅಂಚಿಗೆ ಬೆರಳು ಕೊಟ್ಟು ಟೇಬಲ್ ಫ್ಯಾನಿನ ಎದುರು ಹಿಡಿದು, ಆ ಅಂಚನ್ನು ಸ್ವಲ್ಪ ಮೇಲಕ್ಕೆತ್ತಿ. ರಟ್ಟು ಮೇಲಕ್ಕೆ ಏಳುವುದು ಕೈಗೇ ತಿಳಿಯುತ್ತದೆ. ರಟ್ಟಿಗೆ ಯಾವ ಉಬ್ಬೂ ಇಲ್ಲ, ಮೇಲೂ ಕೆಳಗೂ ದಾರಿ ಒಂದೇ ಉದ್ದ, ಅಲ್ವಾ?

ಬೀದರ್ ವಾಯುನೆಲೆಯ ಸೂರ್ಯಕಿರಣ್ ಎಂಬ ವಾಯುಪಡೆಯ ಕಸರತ್ತಿನ ತಂಡವನ್ನು ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದಲ್ಲಿ ನೋಡಿದವರಿಗೆ ಇನ್ನೂ ಸುಲಭ. ಆ ತಂಡದ ಹಾಕ್ ವಿಮಾನ ಬೆನ್ನು ಕೆಳಗೆ ಮಾಡಿ ತಲೆಕೆಳಗಾಗಿ ಹಾರುತ್ತದೆ. ಉಬ್ಬೇ ಎತ್ತುವುದಾಗಿದ್ದರೆ ಆಗ ಅದು ವಿಮಾನವನ್ನು ನೆಲಕ್ಕೆ ಎಳೆಯಬೇಕಿತ್ತು. ಪೈಲಟ್ ಮೂತಿಯನ್ನು ಆಕಾಶದ ಕಡೆಗೆ ಒತ್ತಿ ಹಿಡಿದು, ರೆಕ್ಕೆ ಗಾಳಿಗೆ ಬೇಕಾದ ಕೋನದಲ್ಲೇ ಇರುವಂತೆ ನೋಡಿಕೊಳ್ಳುತ್ತಾರೆ. ಹಾಗಾದರೆ ಉಬ್ಬು ಯಾಕೆ? ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಕಿತ್ತು ಹೋಗದಂತೆ ನಯವಾಗಿ ಬಾಗಿಸಲು. ಕೋನ ತೀರಾ ಜಾಸ್ತಿಯಾದರೆ, ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿ, ಗಾಳಿ ಹಾಗೆ ಕಿತ್ತು ಹೋಗುತ್ತದೆ. ಅದನ್ನೇ ಸ್ಟಾಲ್ ಅನ್ನುವುದು.

ಮಳೆಗಾಲದಲ್ಲಿ ಮಂಗಳೂರಿಗೆ ಇಳಿಯುವವರು ರೆಕ್ಕೆಗಿಂತ ಹಿಂದಿನ ಕಿಟಕಿ ಸೀಟು ತಗೊಳ್ಳಿ. ಇಳಿಯುವ ಹೊತ್ತಿಗೆ ರೆಕ್ಕೆಯ ಹಿಂದಿನ ಅಂಚಿನಿಂದ ಫ್ಲ್ಯಾಪ್‌ಗಳು ಹೊರಗೆ ಸರಿದು ಕೆಳಕ್ಕೆ ಬಾಗುತ್ತವೆ. ಗಾಳಿಯನ್ನು ಇನ್ನೂ ಕಡಿದಾಗಿ ಕೆಳಕ್ಕೆ ತಿರುಗಿಸುವುದೇ ಅವುಗಳ ಕೆಲಸ. ಕೆಲವೊಮ್ಮೆ ಆಗ ರೆಕ್ಕೆಯ ಮೇಲೆ ಬಿಳಿ ಮಂಜಿನ ಹಾಳೆ ಮೂಡಿ ಮಾಯವಾಗುತ್ತದೆ. ಅದನ್ನು ಹೊಗೆ ಅಂದುಕೊಂಡು ಹೆದರುವವರೂ ಇದ್ದಾರೆ. ಒತ್ತಡ ಇಳಿದಾಗ ಗಾಳಿ ತಣ್ಣಗಾಗಿ, ಅದರಲ್ಲಿದ್ದ ತೇವ ಹನಿಯಾದದ್ದು ಅದು. ರೆಕ್ಕೆಯ ಮೇಲೆ ಒತ್ತಡ ಕಡಿಮೆ ಎಂಬುದನ್ನು ಟಿಕೆಟ್ ದುಡ್ಡಿನಲ್ಲೇ ನೋಡಿದ ಹಾಗಾಯಿತು.

‘ವಿಮಾನ ಯಾಕೆ ಹಾರುತ್ತೆ ಅಂತ ವಿಜ್ಞಾನಿಗಳಿಗೇ ಗೊತ್ತಿಲ್ಲವಂತೆ’ ಎಂಬ ಮಾತೂ ಓಡಾಡುತ್ತಿದೆ. ಗೊತ್ತಿದೆ. ವಿಮಾನಗಳ ಸಂಶೋಧನೆ ಮಾಡುವ ಬೆಂಗಳೂರಿನ ಸರ್ಕಾರಿ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ 1967ರಿಂದ ದೊಡ್ಡ ಗಾಳಿಸುರಂಗ ಕೆಲಸ ಮಾಡುತ್ತಿದೆ. ನಮ್ಮ ಯುದ್ಧವಿಮಾನ ತೇಜಸ್‌ನ ಮಾದರಿಗಳನ್ನೂ ನಮ್ಮ ರಾಕೆಟ್‌ಗಳ ಮಾದರಿಗಳನ್ನೂ ಹಾರುವ ಮೊದಲೇ ಅಲ್ಲಿ ಪರೀಕ್ಷಿಸಿದ್ದಾರೆ.

ಗಾಳಿಯ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಬೇಕು ಅನ್ನಿಸುತ್ತದೆ. ಮಂಗಳೂರಿನ ರನ್‌ವೇ 2,450 ಮೀಟರ್, ದೇವನಹಳ್ಳಿಯ ಎರಡೂ ರನ್‌ವೇಗಳು ತಲಾ 4,000 ಮೀಟರ್. ಬೆಂಗಳೂರಿಗೆ ದೊಡ್ಡ ದೊಡ್ಡ ವಿಮಾನ ಬರುತ್ತವೆ ಎಂಬುದು ಒಂದು ಕಾರಣ. ಎತ್ತರ ಇನ್ನೊಂದು. ದೇವನಹಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಮೇಲಿದೆ. ಅಲ್ಲಿ ಗಾಳಿ ಕರಾವಳಿಗಿಂತ ಶೇ 8ರಷ್ಟು ತೆಳು. ತೆಳು ಗಾಳಿಯನ್ನು ದಬ್ಬಿ ಅಷ್ಟೇ ಭಾರ ಎತ್ತಬೇಕಾದರೆ ಜಾಸ್ತಿ ವೇಗ ಬೇಕು, ಆ ವೇಗ ಸಿಗಲು ಜಾಸ್ತಿ ದೂರ ಓಡಬೇಕು. ಎಂಜಿನ್ನಿನ ಶಕ್ತಿಯೂ ಅಲ್ಲಿ ತುಸು ಕಡಿಮೆಯೇ. ಏಪ್ರಿಲ್ ಮಧ್ಯಾಹ್ನದ ಬಿಸಿಲು ಸೇರಿದರೆ ಗಾಳಿ ಇನ್ನೂ ತೆಳು.

ಲೇಹ್ ನಿಲ್ದಾಣ 3,256 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಕಾಲುಭಾಗಕ್ಕಿಂತಲೂ ಹೆಚ್ಚು ತೆಳು. ಹೊತ್ತು ಏರಿದಂತೆ ಬಿಸಿಯೂ ಏರುತ್ತದೆ, ಬೆಟ್ಟಗಳ ನಡುವೆ ಗಾಳಿಯೂ ಬೀಸತೊಡಗುತ್ತದೆ. ಲೇಹ್‌ನ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಬಂದು ಹೋಗುವುದು ಇದಕ್ಕೇ.